ಮೊದಲ ಸಲ ಪೈಕಾನ್ ಇಂಡಿಯಾದಲ್ಲಿ ಮಾತಾಡಿದೆ: "ಕನ್ನಡ" ಎಂಬ ಪದದಲ್ಲಿ ಎಷ್ಟು ಅಕ್ಷರ?

ತುಂಗಾತೀರ

ಎಲ್ಲರಿಗೂ ನಮಸ್ಕಾರ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಸಮ್ಮೇಳನ ಪೈಕಾನ್ ಇಂಡಿಯಾ ನಡೆಯಿತಲ್ಲ, ಅಲ್ಲಿ ನಾನು ಮೊದಲ ಸಲ ಟಾಕ್ ಕೊಟ್ಟೆ. ನಾನು ಶಿವಮೊಗ್ಗದ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ಇರುವುದೇ ಏಳು ಜನ. ಇಂಥ ಕಡೆ ಕೂತು ಕೆಲಸ ಮಾಡುವವರಿಗೆ ಅಷ್ಟು ದೊಡ್ಡ ಸಮ್ಮೇಳನದಲ್ಲಿ ಹೇಳಲು ಏನಿರುತ್ತದೆ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಬಿಡುವಾದಾಗ ಓದಿ.

ಶುರುವಾಗಿದ್ದು ಒಂದು ಐಡಿ ಕಾರ್ಡಿನಿಂದ. ಶಾಲೆಗಳಿಗೆ ಮಕ್ಕಳ ಕಾರ್ಡ್ ಮುದ್ರಿಸಿಕೊಡುವ ಸಾಫ್ಟ್‌ವೇರ್ ನಮ್ಮದು. ಹೆಸರು ಕನ್ನಡದಲ್ಲೇ ಬರುತ್ತದೆ. ಕಾರ್ಡ್ ಕೊಡಲು ಹೋದ ದಿನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಿರ ಬಂದು, "ಮಿಸ್, ನಮ್ಮಪ್ಪನ ಹೆಸರು ಅರ್ಧ ಇದೆ" ಅಂದಳು. ಅವಳ ಹೆಸರು ಇಲ್ಲಿ ಬೇಡ. ಅದೇ ಥರದ ಒಂದು ಹೆಸರು ಇಟ್ಟುಕೊಳ್ಳೋಣ: ಮಹಾಲಕ್ಷ್ಮಿ ಕೃಷ್ಣಮೂರ್ತಿ. ಕಾರ್ಡಿನಲ್ಲಿ "ಮಹಾಲಕ್ಷ್ಮಿ ಕೃಷ್ಣಮೂರ್" ಅಂತ ಬಂದು ನಿಂತಿತ್ತು. ಕೊನೆಯಲ್ಲಿ ಒಂದು "ತಿ" ಇಲ್ಲ.

ಹೆಸರು 20 ಅಕ್ಷರ ದಾಟಿದರೆ ಕತ್ತರಿಸು ಅಂತ ಪ್ರೋಗ್ರಾಮಿನಲ್ಲಿ ಬರೆದವಳು ನಾನೇ. ಈಗ ಆ ಹೆಸರನ್ನು ಬೆರಳು ಮಡಚಿ ಎಣಿಸಿ ನೋಡಿ. ಮ, ಹಾ, ಲ, ಕ್ಷ್ಮಿ. ಕೃ, ಷ್ಣ, ಮೂ, ರ್ತಿ. ಎಂಟೇ ಅಕ್ಷರ! ಆದರೆ ಪೈಥಾನ್ ಲೆಕ್ಕದಲ್ಲಿ ಅದು 22. ಯಾಕೆಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ವ್ಯಂಜನಕ್ಕೆ ಒಂದು ಸಂಖ್ಯೆ, ಹಲಂತಕ್ಕೆ ಒಂದು, ಗುಡಿಸಿಗೆ ಒಂದು, ಕೊಂಬಿಗೆ ಒಂದು, ನಡುವಿನ ಖಾಲಿ ಜಾಗಕ್ಕೂ ಒಂದು. ಪೈಥಾನ್ ಆ ಸಂಖ್ಯೆಗಳನ್ನು ಎಣಿಸುತ್ತದೆ. ನಾವು ಒಂದನೇ ಕ್ಲಾಸಿನಲ್ಲಿ ಕಲಿತ ಅಕ್ಷರವನ್ನಲ್ಲ.

ಆ ಹುಡುಗಿಯ ಮುಖ ನೋಡಿ ತುಂಬಾ ಬೇಜಾರಾಯಿತು. ಅವತ್ತು ರಾತ್ರಿಯೇ ಕೂತು ಹುಡುಕಲು ಶುರು ಮಾಡಿದೆ. ಮೂರು ತಿಂಗಳು ಅದರ ಹಿಂದೆಯೇ ಬಿದ್ದೆ. ಆ ಮೂರು ತಿಂಗಳೇ ಮುಂದೆ ಟಾಕ್ ಆಯಿತು.

2024ರಲ್ಲಿ ಅದೇ ಸಮ್ಮೇಳನಕ್ಕೆ ಪ್ರಪೋಸಲ್ (ಈ ವಿಷಯ ಮಾತಾಡುತ್ತೇನೆ ಅನ್ನುವ ಅರ್ಜಿ) ಕಳಿಸಿದೆ. ಆಯ್ಕೆ ಆಗಲಿಲ್ಲ. ಆದರೂ ಟಿಕೆಟ್ ತಗೊಂಡು ಹೋದೆ. ಎರಡನೇ ದಿನ ಐದು ನಿಮಿಷದ ಲೈಟ್ನಿಂಗ್ ಟಾಕ್‌ಗೆ ಹೆಸರು ಕೊಟ್ಟೆ. ಒಂದೇ ಒಂದು ಸ್ಲೈಡ್. ಅದರಲ್ಲಿ "ಮೈಸೂರು" ಅಂತ ಬರೆದಿದ್ದೆ. ಪೈಥಾನ್ ಜೊತೆಗೇ ಬರುವ, ಬರಹದಲ್ಲಿ ಹುಡುಕಿಕೊಡುವ ಆರ್‌ಇ ಎಂಬ ಮಾಡ್ಯೂಲಿಗೆ "ಇದರಲ್ಲಿ ಇರುವ ಪದಗಳನ್ನು ಹುಡುಕಿ ಕೊಡು" ಅಂತ ಕೇಳಿದರೆ ಏನು ಬರುತ್ತದೆ ಅಂತ ಅಲ್ಲೇ ಓಡಿಸಿ ತೋರಿಸಿದೆ. ಬಂದ ಉತ್ತರ: ಮ, ಸ, ರ. ಐತ್ವ, ಕೊಂಬು ಎಲ್ಲ ಉದುರಿ ಹೋಗಿ ಮೂರು ಬಿಡಿ ಅಕ್ಷರ. ಅವುಗಳನ್ನು ಮೂರು ಬೇರೆ ಪದ ಅಂತ ಅದು ಹೇಳುತ್ತಿತ್ತು.

ಕೆಳಗೆ ಇಳಿದ ಮೇಲೆ ಐದಾರು ಜನ ಬಂದು ಸುತ್ತ ನಿಂತರು. ಒಬ್ಬರು ತಮಿಳಿನವರು, ಒಬ್ಬರು ಮಲಯಾಳಿ, ಒಬ್ಬರು ಅಸ್ಸಾಮಿನವರು. ಎಲ್ಲರೂ ಹೇಳಿದ್ದು ಒಂದೇ ಮಾತು: "ನಮ್ಮಲ್ಲೂ ಹೀಗೇ." ಊಟದ ಸಾಲಿನಲ್ಲಿ ನಿಂತು ನಾವು ಮಾತಾಡಿದ್ದು ಮುಕ್ಕಾಲು ಗಂಟೆ. 2025ರ ಪ್ರಪೋಸಲ್ ಹುಟ್ಟಿದ್ದು ಅಲ್ಲಿ. ಈ ಸಲ ಆಯ್ಕೆ ಆಯಿತು.

ಟಾಕ್‌ನಲ್ಲಿ ಏನಾಯಿತು ಅಂತ ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮಲ್ಲಿ ಯಾರು ಹೋಗಬೇಕು, ಮಾತಾಡಬೇಕು ಅಂತ ಇದ್ದೀರೋ ಅವರು ಕೇಳಿ. ಗೊತ್ತಿದ್ದಷ್ಟು ಹೇಳುತ್ತೇನೆ.

---

ಉಣಕಲ್ ಕೆರೆ

ಅಕ್ಕಾ, ಓದಿ ಮೈ ಜುಮ್ ಅಂತು. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಕಾಲೇಜಿನಿಂದ ಇಂಥ ಕಡೆ ಯಾರೂ ಹೋದವರಿಲ್ಲ. ಖರ್ಚು ಎಷ್ಟಾಗುತ್ತದೆ? ಮತ್ತೆ, ಯಾರೂ ಪರಿಚಯ ಇಲ್ಲದೆ ಒಬ್ಬನೇ ಹೋದರೆ ಅಲ್ಲಿ ಏನು ಮಾಡುವುದು? ಸುಮ್ನೆ ಮೂಲೆಯಲ್ಲಿ ಕೂತು ಬರುವ ಹಾಗೆ ಆಗುತ್ತೇನೋ ಅಂತ ಭಯ.

---

ತುಂಗಾತೀರ

ತಮ್ಮಾ, ವಿದ್ಯಾರ್ಥಿಗಳಿಗೆ ಟಿಕೆಟ್ ದರ ಕಡಿಮೆ ಇರುತ್ತದೆ. ಆರ್ಥಿಕ ನೆರವಿಗೂ ಅರ್ಜಿ ಹಾಕಬಹುದು. ಅದಕ್ಕೆ ಕೊನೆ ದಿನಾಂಕ ಬೇಗ ಮುಗಿಯುತ್ತದೆ, ಅದನ್ನು ಮಾತ್ರ ಕಣ್ಣಿಟ್ಟು ನೋಡಿಕೋ. ಅರ್ಜಿ ಹಾಕಲು ಸಂಕೋಚ ಬೇಡ. ಅದು ಇರುವುದೇ ನಿನ್ನಂಥವರಿಗೆ. ನಾನು ರಾತ್ರಿ ಪ್ರಯಾಣ ಮಾಡಿ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆ, ಹಾಗಾಗಿ ಉಳಿಯುವ ಖರ್ಚು ಬರಲಿಲ್ಲ.

ಒಬ್ಬನೇ ಹೋಗುವ ವಿಷಯ. ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳುತ್ತೇನೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಹಾಲ್‌ನಿಂದ ಇನ್ನೊಂದು ಹಾಲ್‌ಗೆ ಓಡಿದೆ. ಒಂದು ಟಾಕ್ ಕೂಡ ತಪ್ಪಬಾರದು ಅಂತ ಹಟ. ಸಂಜೆ ತಲೆ ಭಾರ, ಒಬ್ಬರ ಹೆಸರೂ ಗೊತ್ತಿಲ್ಲ. ಟಾಕ್‌ಗಳ ವಿಡಿಯೊ ಆಮೇಲೆ ಯೂಟ್ಯೂಬಿಗೆ ಬರುತ್ತದೆ, ಮನೆಯಲ್ಲಿ ಕೂತು ನೋಡಬಹುದು. ಕಾರಿಡಾರಿನಲ್ಲಿ ನಡೆಯುವ ಮಾತು ಎಲ್ಲೂ ಬರುವುದಿಲ್ಲ. ದಿನಕ್ಕೆ ಮೂರು ಟಾಕ್ ಆರಿಸಿಕೋ. ಉಳಿದ ಹೊತ್ತು ಹೊರಗೆ ಓಡಾಡು.

ಗುಂಪಿನಲ್ಲಿ ನಿಂತು ಮಾತಾಡುವವರಿಗೆ ಪೈಥಾನ್ ಸಮುದಾಯದಲ್ಲಿ ಒಂದು ಒಳ್ಳೆಯ ರೂಢಿ ಇದೆ. "ಪ್ಯಾಕ್‌ಮ್ಯಾನ್ ನಿಯಮ" ಅಂತ ಕರೆಯುತ್ತಾರೆ. ಎರಿಕ್ ಹೋಲ್ಷರ್ ಅನ್ನುವವರು ಹೇಳಿದ್ದು. ಗುಂಪು ಪೂರ್ತಿ ವೃತ್ತವಾಗಿ ನಿಲ್ಲಬಾರದು. ಒಬ್ಬರು ಬಂದು ನಿಲ್ಲುವಷ್ಟು ಜಾಗ ಬಿಟ್ಟಿರಬೇಕು, ಆ ಆಟದ ಗೊಂಬೆಯ ಬಾಯಿ ತೆರೆದಿರುತ್ತದಲ್ಲ, ಹಾಗೆ. ಅಂಥ ಜಾಗ ಕಂಡರೆ ಸೀದಾ ಹೋಗಿ ನಿಂತುಕೋ. "ನಾನು ಹುಬ್ಬಳ್ಳಿಯಿಂದ ಬಂದೆ, ಇದು ಮೊದಲ ಸಲ" ಅಂದರೆ ಸಾಕು. ಯಾರಾದರೂ ಮಾತಾಡಿಸುತ್ತಾರೆ.

ಇನ್ನೊಂದು. ಕೊನೆಯಲ್ಲಿ ಸ್ಪ್ರಿಂಟ್ ಇರುತ್ತದೆ. ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟ್ ಮಾಡುವವರ ಪಕ್ಕದಲ್ಲೇ ಕೂತು ಅದಕ್ಕೆ ಕೆಲಸ ಮಾಡುವುದು. ನಿನಗೆ ಅದು ಟಾಕ್‌ಗಳಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಉಳಿದುಕೊಂಡೇ ಬಾ.

---

ಹಳೇ ಲಿನಕ್ಸಿಗ

ತುಂಗಾತೀರ ಅವರೇ, ತುಂಬಾ ಸಂತೋಷವಾಯಿತು. ನನಗೀಗ 52. ಹಳೆಯ ಕತೆ ಸ್ವಲ್ಪ ಹೇಳಲೇಬೇಕು ಅನ್ನಿಸಿತು.

1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆ ಜೊತೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನ ಸಿ.ಡಿ. ಕೊಟ್ಟಿತು. ಇಂಟರ್ನೆಟ್‌ನಿಂದ ಅಷ್ಟು ದೊಡ್ಡದನ್ನು ಇಳಿಸಿಕೊಳ್ಳುವುದು ನಮ್ಮಂಥವರಿಗೆ ಆಗದ ಮಾತು. ಆ ಸಿ.ಡಿ.ಯನ್ನು ನಾವು ಆರು ಜನ ಹಂಚಿಕೊಂಡೆವು. ಆ ಕೆಲಸದ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅವರೂ ಗೆಳೆಯರೂ ಸೇರಿ 2001ರಲ್ಲಿ "ಲಿನಕ್ಸ್ ಬೆಂಗಳೂರು" ಸಮ್ಮೇಳನ ಶುರು ಮಾಡಿದರು. 2005ರಲ್ಲಿ ಅದರ ಹೆಸರು ಫಾಸ್ ಡಾಟ್ ಇನ್ ಅಂತಾಯಿತು. 2012ರಲ್ಲಿ ನಡೆದದ್ದೇ ಕೊನೆಯದು. ಮರುವರ್ಷ ಚಿಟ್ನಿಸ್ ತೀರಿಕೊಂಡರು.

ಆ ಸಮ್ಮೇಳನದಲ್ಲಿ ನಾನು ಕಲಿತ ಒಂದು ವಿಷಯ ಇವತ್ತಿಗೂ ಮರೆತಿಲ್ಲ. ಸಾಫ್ಟ್‌ವೇರ್ ಬಳಸುವ ಬಗ್ಗೆ ಅಷ್ಟೇ ಮಾತಾಡಿದರೆ ಸಾಲದು, ಅದನ್ನು ಕಟ್ಟುವ ಬಗ್ಗೆ ಮಾತಾಡಿ ಅಂತ ಅವರು ಒತ್ತಿ ಹೇಳುತ್ತಿದ್ದರು. ಅಲ್ಲಿಗೆ ಬರುವ ಮುಂಚೆ ನಾನು ಬರೀ ಬಳಸುವವನು. ಆಮೇಲೆ ಮೊದಲ ಪ್ಯಾಚ್ (ಕೋಡಿಗೆ ಮಾಡಿದ ತಿದ್ದುಪಡಿ) ಕಳಿಸಿದೆ.

ಪೈಕಾನ್ ಇಂಡಿಯಾ ಮೊದಲು ನಡೆದದ್ದೂ ನಮ್ಮಲ್ಲೇ. 2009ರ ಸೆಪ್ಟೆಂಬರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆಮೇಲೆ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಎಲ್ಲ ಸುತ್ತಿತು. 2020 ಮತ್ತು 2021ರಲ್ಲಿ ಪೂರ್ತಿ ಆನ್‌ಲೈನ್. 2024ರಲ್ಲಿ ಬೆಂಗಳೂರಿಗೆ ವಾಪಸ್ ಬಂತು. ಇದನ್ನೆಲ್ಲ ಮೊದಲು ಕಟ್ಟಿದವರಲ್ಲಿ ಕೆನೆತ್ ಗೊನ್ಸಾಲ್ವಿಸ್ ಒಬ್ಬರು. ಅವರು 2012ರಲ್ಲಿ ತೀರಿಕೊಂಡರು. ಪೈಥಾನ್‌ಗಾಗಿ ದುಡಿದವರಿಗೆ ಅವರ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತಾರೆ. ಮುಂದಿನ ಸಲ ಹೋದಾಗ ಆ ಪ್ರಶಸ್ತಿ ಕೊಡುವ ಹೊತ್ತಿಗೆ ಹಾಲ್‌ನಲ್ಲಿ ಇರಿ. ಯಾರ ಕೆಲಸದ ಮೇಲೆ ನಾವು ನಿಂತಿದ್ದೇವೆ ಅಂತ ಗೊತ್ತಾಗುತ್ತದೆ.

---

ಚಳಿ ಊರಿನ ಕನ್ನಡತಿ

ನಾನು ಬೆಲ್ಜಿಯಮ್‌ನಲ್ಲಿದ್ದೇನೆ. ಮೂಲ ಪುತ್ತೂರು. ಇಲ್ಲಿನ ಬ್ರಸೆಲ್ಸ್‌ನಲ್ಲಿ ಪ್ರತಿ ವರ್ಷ ಫಾಸ್‌ಡೆಮ್ ಅಂತ ಓಪನ್ ಸೋರ್ಸ್ ಸಮ್ಮೇಳನ ನಡೆಯುತ್ತದೆ, ಚಳಿಗಾಲದಲ್ಲಿ, ಶನಿವಾರ ಮತ್ತು ಭಾನುವಾರ. 2000ದಲ್ಲಿ ಶುರುವಾದದ್ದು. ವಿಶ್ವವಿದ್ಯಾಲಯದ ಸೋಲ್‌ಬೊಶ್ ಕ್ಯಾಂಪಸ್‌ನಲ್ಲಿ ನಡೆಯುತ್ತದೆ. ಟಿಕೆಟ್ ಇಲ್ಲ, ಹೆಸರು ನೋಂದಾಯಿಸುವುದೂ ಬೇಡ. ಸೀದಾ ಒಳಗೆ ಹೋಗಬಹುದು. ಸಾವಿರಾರು ಜನ ಬರುತ್ತಾರೆ.

ಅಲ್ಲಿ "ಡೆವ್‌ರೂಮ್" ಅಂತ ಇರುತ್ತವೆ. ಒಂದೊಂದು ಕೋಣೆಯನ್ನು ಒಂದೊಂದು ಸಮುದಾಯಕ್ಕೆ ಕೊಟ್ಟುಬಿಡುತ್ತಾರೆ. ಪೈಥಾನ್‌ನವರಿಗೆ ಒಂದು, ಡೇಟಾಬೇಸ್‌ನವರಿಗೆ ಒಂದು. ಆ ಕೋಣೆಯಲ್ಲಿ ಯಾರು ಮಾತಾಡಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಕೋಣೆ ತುಂಬಿದರೆ ಬಾಗಿಲಿಗೆ "ತುಂಬಿದೆ" ಅಂತ ಬೋರ್ಡ್ ಬೀಳುತ್ತದೆ. ಆಮೇಲೆ ಯಾರೇ ಆಗಲಿ ಒಳಗೆ ಬಿಡುವುದಿಲ್ಲ. ಬೆಂಕಿ ಅನಾಹುತದ ನಿಯಮ ಅದು. ನಾನು ಒಮ್ಮೆ ಬರೀ ಒಂದು ಟಾಕ್ ಕೇಳಲು ಅದರ ಹಿಂದಿನ ಎರಡು ಟಾಕ್‌ಗೂ ಅದೇ ಸೀಟಿನಲ್ಲಿ ಕೂತಿದ್ದೆ. ಆ ಎರಡರಲ್ಲಿ ಒಂದೇ ಈಗ ನನ್ನ ಕೆಲಸ!

ತುಂಗಾತೀರ ಹೇಳಿದ ಕಾರಿಡಾರಿನ ಮಾತು ಇಲ್ಲೂ ನಿಜ. ದೋಸೆ ಇಲ್ಲ, ವಾಫಲ್ ಇದೆ, ಅಷ್ಟೇ ವ್ಯತ್ಯಾಸ.

---

ಕುಂದಾಪ್ರ

ನಾನು ಒಂದು ಚಿಕ್ಕ ಮೀಟಪ್‌ಗೆ ಬರುವ ಪ್ರಪೋಸಲ್ ಓದುವವನು. ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಮಾತಾಡಬೇಕು ಅನ್ನುವವರಿಗೆ ನಾಲ್ಕು ಮಾತು.

ನಾವು ತಿರಸ್ಕರಿಸುವ ಪ್ರಪೋಸಲ್‌ಗಳಲ್ಲಿ ಜಾಸ್ತಿ ಕೆಟ್ಟವಲ್ಲ. ಅವು ಯಾರು ಬೇಕಾದರೂ ಬರೆಯಬಹುದಾದವು. "ಮಷಿನ್ ಲರ್ನಿಂಗ್ ಪರಿಚಯ" ಅಂತ ಒಂದೇ ಸಲ ಹನ್ನೊಂದು ಬಂದಿದ್ದವು. ಅದರಲ್ಲಿ ಬರೆದವರು ಎಲ್ಲಿದ್ದಾರೆ? ಅವರು ಏನು ಮಾಡಿದರು, ಎಲ್ಲಿ ಸಿಕ್ಕಿಬಿದ್ದರು, ಹೇಗೆ ಹೊರಬಂದರು? ಅದು ಇದ್ದರೆ ಓದುವಾಗಲೇ ಬೆನ್ನು ನೆಟ್ಟಗಾಗುತ್ತದೆ.

ಇನ್ನೊಂದು, ಕೇಳುವವರು ಯಾರು ಅಂತ ಬರೆಯಿರಿ. "ಎಲ್ಲರಿಗೂ" ಅಂತ ಬರೆದರೆ ಯಾರಿಗೂ ಅಲ್ಲ ಅಂತಲೇ ನಾನು ಓದುತ್ತೇನೆ. ನಿಮಿಷದ ಲೆಕ್ಕವನ್ನೂ ಹಾಕಿ. ಮೊದಲ ಐದು ನಿಮಿಷ ಏನು, ಡೆಮೊ ಎಷ್ಟು ಹೊತ್ತು, ಪ್ರಶ್ನೆಗೆ ಎಷ್ಟು. ಲೆಕ್ಕ ಹಾಕಿದವರು ವಿಷಯವನ್ನು ಒಮ್ಮೆಯಾದರೂ ಮನಸ್ಸಿನಲ್ಲಿ ಹೇಳಿ ನೋಡಿದ್ದಾರೆ ಅಂತ ಗೊತ್ತಾಗುತ್ತದೆ.

ತುಂಗಾತೀರ, ನಿಮ್ಮ ಎರಡು ಪ್ರಪೋಸಲ್‌ಗಳನ್ನೂ ಇಲ್ಲಿ ಹಾಕುತ್ತೀರಾ? ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

---

ತುಂಗಾತೀರ

ಖಂಡಿತ. ಪೂರ್ತಿ ಹಾಕಿದರೆ ಉದ್ದ ಆಗುತ್ತದೆ, ಮೊದಲ ಸಾಲುಗಳನ್ನು ಹಾಕುತ್ತೇನೆ. ಮೂಲ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಹೇಳುತ್ತೇನೆ.

2024: "ಭಾರತೀಯ ಭಾಷೆಗಳಿಗೆ ಯೂನಿಕೋಡ್ ಬಹಳ ಮುಖ್ಯ. ಈ ಟಾಕ್‌ನಲ್ಲಿ ಯೂನಿಕೋಡಿನ ಚರಿತ್ರೆ, ಅದರ ರಚನೆ ಮತ್ತು ಪೈಥಾನ್‌ನಲ್ಲಿ ಅದರ ಬಳಕೆಯನ್ನು ತಿಳಿಸುತ್ತೇನೆ."

2025: "ಕನ್ನಡ ಎಂಬ ಪದದಲ್ಲಿ ಎಷ್ಟು ಅಕ್ಷರ? ಪೈಥಾನ್ 5 ಅನ್ನುತ್ತದೆ. ಯೂನಿಕೋಡಿನ ಗ್ರಾಫೀಮ್ ನಿಯಮ 4 ಅನ್ನುತ್ತದೆ. ನನ್ನ ಅಜ್ಜಿ 3 ಅನ್ನುತ್ತಾರೆ. ಒಂದು ಶಾಲೆಯ ಐಡಿ ಕಾರ್ಡಿನಲ್ಲಿ ಮಗುವಿನ ಅಪ್ಪನ ಹೆಸರು ಕತ್ತರಿಸಿ ಹೋದ ಮೇಲೆ, ಅಜ್ಜಿಯ ಲೆಕ್ಕಕ್ಕೆ ಕಂಪ್ಯೂಟರನ್ನು ತರಲು ನಾನು ಮಾಡಿದ್ದೇನು ಅಂತ ಹೇಳುತ್ತೇನೆ."

ವಿಷಯ ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ನಾನು ಇಲ್ಲ, ಆ ಹುಡುಗಿಯೂ ಇಲ್ಲ. ಕುಂದಾಪ್ರದವರು ಹೇಳಿದ್ದು ಇದನ್ನೇ. ಆಗ ನನಗೆ ಯಾರೂ ಹೀಗೆ ಹೇಳಿರಲಿಲ್ಲ.

---

ಬಿಸಿಲನಾಡು

ಮೇಡಂ, ಒಂದು ಪ್ರಶ್ನೆ. ನಾನು ಕಲಬುರಗಿಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಕೆಲಸದಲ್ಲಿ ಎಂಟು ವರ್ಷ ಆಯಿತು, ಕೋಡ್ ಚೆನ್ನಾಗಿಯೇ ಬರೆಯುತ್ತೇನೆ. ಆದರೆ ಇಂಗ್ಲಿಷಿನಲ್ಲಿ ನೂರಾರು ಜನರ ಮುಂದೆ ಅರ್ಧ ಗಂಟೆ ಮಾತಾಡುವುದು ನೆನೆಸಿಕೊಂಡರೆ ಬಾಯಿ ಒಣಗುತ್ತದೆ. ನೀವು ಹೇಗೆ ನಿಭಾಯಿಸಿದಿರಿ?

---

ತುಂಗಾತೀರ

ನಾನೂ ಹತ್ತರವರೆಗೆ ಕನ್ನಡ ಮಾಧ್ಯಮವೇ ಸರ್. ನಿಮ್ಮ ಬಾಯಿ ಒಣಗುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಇಡೀ ಟಾಕನ್ನು ನಮ್ಮ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಡುಗೆ ಮನೆಯಲ್ಲಿ, ಅವರು ಕಾಯಿ ತುರಿಯುತ್ತಿದ್ದಾಗ. ಎಲ್ಲಿ ಅವರ ಗಮನ ತಪ್ಪಿತೋ ಅಲ್ಲಿ ನನ್ನ ಕತೆ ಸಡಿಲ ಇದೆ ಅಂತ ಗುರುತು ಹಾಕಿಕೊಂಡೆ. ಕನ್ನಡದಲ್ಲಿ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತಂದೆ. ಚಿಕ್ಕ ಚಿಕ್ಕ ವಾಕ್ಯ. ನನ್ನ ನಾಲಿಗೆಗೆ ಬಾರದ ಪದ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಮೊದಲ ನಾಲ್ಕು ವಾಕ್ಯ ಮಾತ್ರ ಬಾಯಿಪಾಠ. ಉಳಿದದ್ದು ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಎಲ್ಲಾ ಮರೆಯುತ್ತದೆ. ಸ್ಲೈಡ್ ನೋಡಿದ ಕೂಡಲೇ ಏನು ಹೇಳಬೇಕು ಅಂತ ನೆನಪಾದರೆ ಸಾಕು. ಆಫೀಸಿನಲ್ಲಿ ಎರಡು ಸಲ, ಗೆಳತಿಯರ ಮುಂದೆ ವಿಡಿಯೊ ಕಾಲ್‌ನಲ್ಲಿ ಮೂರು ಸಲ ಹೇಳಿ ನೋಡಿದೆ.

ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನನ್ನ ಸ್ಲೈಡನ್ನು ಪಿಡಿಎಫ್ ಮಾಡಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ ಆಗಿದ್ದವು. ಗ್ರಾಫಿನ ಕೆಳಗೆ ಬರೆದ ಹೆಸರುಗಳೂ ಹಾಗೇ. ಕನ್ನಡ ಅಕ್ಷರ ಜೋಡಿಸುವುದರ ಬಗ್ಗೆಯೇ ಟಾಕ್ ಕೊಡಲು ಹೊರಟು, ಅಕ್ಷರ ಜೋಡಿಸದ ಸ್ಲೈಡ್ ಹಿಡಿದುಕೊಂಡು ಕೂತಿದ್ದೆ. ಅಳು ಬಂತು. ಕೊನೆಗೆ ಕನ್ನಡ ಇರುವ ಪ್ರತಿ ಸ್ಲೈಡನ್ನೂ ಚಿತ್ರವಾಗಿ ತೆಗೆದು ಹಾಕಿದೆ. ಮಲಗಿದ್ದು ಎರಡು ಗಂಟೆಗೆ. ದಯವಿಟ್ಟು ನೀವು ಒಂದು ವಾರ ಮೊದಲೇ ಬೇರೆಯವರ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿ. ಡೆಮೊ ಇದ್ದರೆ ಅದನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕೋಡ್ ಅಕ್ಷರ ಕೊನೆಯ ಸಾಲಿನವರಿಗೆ ಕಾಣುವಷ್ಟು ದೊಡ್ಡದಿರಲಿ.

ಇಂಗ್ಲಿಷ್ ಬಗ್ಗೆ ಇನ್ನೊಂದು ಮಾತು. ಟಾಕ್ ಮುಗಿದ ಮೇಲೆ ಯಾರೂ ನನ್ನ ಇಂಗ್ಲಿಷ್ ಬಗ್ಗೆ ಮಾತಾಡಲಿಲ್ಲ. ಎಲ್ಲರೂ ಕೇಳಿದ್ದು ಕೃಷ್ಣಮೂರ್ತಿಯವರ "ತಿ" ಸರಿಯಾಯಿತಾ ಅಂತ.

---

ಬಿಸಿಲನಾಡು

ಅಮ್ಮನಿಗೆ ಮೊದಲು ಹೇಳುವುದು... ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮವ್ವ ಹೊಲದಿಂದ ಬಂದ ಮೇಲೆ ಇವತ್ತೇ ಕೂರಿಸಿಕೊಂಡು ಹೇಳುತ್ತೇನೆ.

---

ಗೋಲಗುಮ್ಮಟ

ಇಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಹೇಗೆ ಮಾತಾಡುವುದು ಅಂತಲೇ ಕೇಳುತ್ತಿದ್ದೀರಿ. ನಾನು ಬೇರೆ ಕೇಳುತ್ತೇನೆ. ಬೆಂಗಳೂರಿನಲ್ಲಿ ನಡೆಯುವ ಸಮ್ಮೇಳನದಲ್ಲಿ ಕನ್ನಡದಲ್ಲೇ ಯಾಕೆ ಮಾತಾಡಬಾರದು? ತಂತ್ರಜ್ಞಾನ ಕನ್ನಡದಲ್ಲಿ ಹೇಳಲು ಆಗದ ವಿಷಯ ಏನಲ್ಲ, ಅಲ್ವಾ?

---

ಚಳಿ ಊರಿನ ಕನ್ನಡತಿ

ಆಗುತ್ತದೆ, ಖಂಡಿತ ಆಗುತ್ತದೆ. ಆದರೆ ದೇಶದ ಎಲ್ಲ ಕಡೆಯಿಂದ ಜನ ಬಂದ ಹಾಲ್‌ನಲ್ಲಿ ಕನ್ನಡದಲ್ಲಿ ಹೇಳಿದರೆ ಅಸ್ಸಾಮಿನವರು "ನಮ್ಮಲ್ಲೂ ಹೀಗೇ" ಅಂತ ಬಂದು ಹೇಳುವುದು ಹೇಗೆ? ತುಂಗಾತೀರಕ್ಕೆ ಎರಡನೇ ಪ್ರಪೋಸಲ್ ಸಿಕ್ಕಿದ್ದು ಆ ಮಾತಿನಿಂದಲೇ.

---

ಗೋಲಗುಮ್ಮಟ

ಆ ಮಾತು ಒಪ್ಪುತ್ತೇನೆ. ಆದರೂ ವಿಜಯಪುರದ ಹುಡುಗನಿಗೆ ಆ ಟಾಕ್ ಯಾವಾಗ ಸಿಗುತ್ತದೆ? ಅವನು ಯೂಟ್ಯೂಬಿನಲ್ಲಿ ಇಂಗ್ಲಿಷ್ ಕೇಳಿ ಅರ್ಧ ಅರ್ಥ ಮಾಡಿಕೊಳ್ಳಬೇಕು. ಅದೇ ನನ್ನ ಕೊರಗು.

---

ತುಂಗಾತೀರ

ಗೋಲಗುಮ್ಮಟ ಅವರೇ, ನಿಮ್ಮ ಕೊರಗು ನನ್ನದೂ ಹೌದು. ಸಮ್ಮೇಳನದಲ್ಲಿ "ಓಪನ್ ಸ್ಪೇಸ್" ಅಂತ ಇರುತ್ತದೆ. ಬೋರ್ಡಿನಲ್ಲಿ ವಿಷಯ, ಸಮಯ ಬರೆದರೆ ಆಸಕ್ತಿ ಇದ್ದವರು ಬಂದು ಸುತ್ತ ಕೂರುತ್ತಾರೆ. ನಾನು ಎರಡನೇ ದಿನ ಮಧ್ಯಾಹ್ನ "ಕನ್ನಡದಲ್ಲಿ ಕನ್ನಡ ಕಂಪ್ಯೂಟಿಂಗ್" ಅಂತ ಕನ್ನಡ ಲಿಪಿಯಲ್ಲೇ ಬರೆದೆ. ಓದಲು ಬಂದವರು ಬಂದರು, ಹದಿನಾಲ್ಕು ಜನ. ಒಂದೂವರೆ ಗಂಟೆ ಪೂರ್ತಿ ಕನ್ನಡದಲ್ಲೇ ಮಾತು. ನನ್ನ ಟಾಕನ್ನು ಕನ್ನಡದಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡುತ್ತಿದ್ದೇನೆ. ಎರಡೂ ಬೇಕು ನಮಗೆ.

---

ಒತ್ತಕ್ಷರ

ನಾನು ಆ ಹದಿನಾಲ್ಕರಲ್ಲಿ ಒಬ್ಬ! ಅಲ್ಲಿ ಕೇಳಲು ಮರೆತ ಪ್ರಶ್ನೆ ಇಲ್ಲಿ ಕೇಳುತ್ತೇನೆ. ನಮ್ಮ ಆಫೀಸಿನ ಪಟ್ಟಿಯಲ್ಲಿ "ಕೋಲಾರ" ಎರಡು ಸಲ ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಪೈಥಾನ್ ಎರಡೂ ಬೇರೆ ಅನ್ನುತ್ತದೆ. ಯಾಕೆ?

---

ತುಂಗಾತೀರ

ಒಂದರಲ್ಲಿ "ಕೋ" ಬರೆಯಲು ಕ ಮತ್ತು ಓತ್ವದ ದೀರ್ಘ, ಒಟ್ಟು ಎರಡೇ ಸಂಖ್ಯೆ ಇವೆ. ಇನ್ನೊಂದರಲ್ಲಿ ಕ, ಏತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಚಿಹ್ನೆ, ಹೀಗೆ ಬಿಡಿಬಿಡಿಯಾಗಿ ನಾಲ್ಕು ಸಂಖ್ಯೆ ಇವೆ. ತೋರುವುದು ಒಂದೇ ಆಕಾರ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಬಳಸಿ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪಕ್ಕೆ ತನ್ನಿ, ಸರಿಹೋಗುತ್ತದೆ. ಡೇಟಾಬೇಸಿಗೆ ಹಾಕುವ ಮೊದಲೇ ಮಾಡಿ.

ಎನ್‌ಎಫ್‌ಸಿ ಮಾಡಿದ ಮೇಲೂ ಒಂದು ತೊಂದರೆ ಉಳಿಯುತ್ತದೆ. "ರ‍್ಯಾಂಕ್" ಅಂತ ಬರೆಯಲು ನಾವು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಹಾಕುತ್ತೇವೆ. ಇಲ್ಲದಿದ್ದರೆ ಅರ್ಕಾವೊತ್ತು ಬಂದು "ರ್ಯಾಂಕ್" ಆಗುತ್ತದೆ. "ಸಾಫ್ಟ್‌ವೇರ್" ಬರೆಯುವಾಗಲೂ ಅಂಥದ್ದೇ ಇನ್ನೊಂದು ಕಾಣದ ಚಿಹ್ನೆ ಇರುತ್ತದೆ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹುಡುಕಾಟಕ್ಕೆ ಮಾತ್ರ ಅವೆರಡನ್ನೂ ತೆಗೆದ ಒಂದು ಪ್ರತಿ ಇಟ್ಟುಕೊಳ್ಳಿ. ಮೂಲವನ್ನು ಮುಟ್ಟಬೇಡಿ, ಜನ ಬರೆದ ಹಾಗೆಯೇ ಇರಲಿ.

---

ಹಳೇ ಲಿನಕ್ಸಿಗ

ತಂಗಿ, ಆ 5, 4, 3ರ ಲೆಕ್ಕ ಬಿಡಿಸಿ ಹೇಳಮ್ಮ. 4 ಎಲ್ಲಿಂದ ಬಂತು?

---

ತುಂಗಾತೀರ

ಹೇಳುತ್ತೇನೆ ಸರ್. ಟಾಕ್‌ನಲ್ಲಿ ಏನಾಯಿತು ಅಂತ ಬರೆಯುತ್ತೇನೆ ಅಂದಿದ್ದೆನಲ್ಲ, ಅದೂ ಇದರಲ್ಲೇ ಬರುತ್ತದೆ.

ಕ, ನ, ಹಲಂತ, ನ, ಡ. ಇದು 5. ಯೂನಿಕೋಡಿನಲ್ಲಿ "ಓದುವವರಿಗೆ ಒಂದು ಘಟಕವಾಗಿ ಕಾಣುವುದು" ಯಾವುದು ಅಂತ ಹೇಳುವ ನಿಯಮ ಇದೆ, ಅದೇ ಗ್ರಾಫೀಮ್ ನಿಯಮ. ಪೈಥಾನ್‌ನಲ್ಲಿ ರೆಜೆಕ್ಸ್ ಎಂಬ ಬೇರೆ ಪ್ಯಾಕೇಜ್ ಹಾಕಿಕೊಂಡರೆ ಆ ನಿಯಮದಂತೆ ಎಣಿಸಬಹುದು. "ಮೈಸೂರು" ಅನ್ನು ತುಂಡು ಮಾಡದೆ ಒಂದೇ ಪದ ಅಂತ ಗುರುತಿಸುವುದೂ ಅದೇ. ಆ ನಿಯಮ ಹಲಂತವನ್ನು ಹಿಂದಿನ ಅಕ್ಷರಕ್ಕೆ ಅಂಟಿಸುತ್ತದೆ. ಆದರೆ ಅಲ್ಲಿಗೇ ನಿಲ್ಲುತ್ತದೆ. ಕ, ನ್, ನ, ಡ. ಹಾಗಾಗಿ 4. ನಮ್ಮ "ನ್ನ" ಒಂದು ಅಕ್ಷರ ಅಂತ ಅದಕ್ಕೆ ಗೊತ್ತಿಲ್ಲ.

ಇಷ್ಟನ್ನು ನಾನು ಟಾಕ್‌ನಲ್ಲಿ ಹೇಳಿದೆ. ಮುಗಿದ ಮೇಲೆ ಕನ್ನಡಕ ಹಾಕಿದ ಒಬ್ಬರು ಬಂದರು. "2023ರ ಯೂನಿಕೋಡ್ 15.1 ನೋಡಿದ್ದೀಯಾ?" ಅಂತ ಕೇಳಿದರು. ನೋಡಿರಲಿಲ್ಲ. ಅಲ್ಲೇ ಕಾರಿಡಾರಿನ ನೆಲದ ಮೇಲೆ ಕೂತು ತೆರೆದು ತೋರಿಸಿದರು. ಒತ್ತಕ್ಷರ ಬಂದರೆ ತುಂಡು ಮಾಡಬೇಡ ಅನ್ನುವ ಹೊಸ ನಿಯಮ ಅದರಲ್ಲಿ ಸೇರಿತ್ತು. ಆರು ಲಿಪಿಗಳಿಗೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಆ ಆವೃತ್ತಿಯ ಪಟ್ಟಿಯಲ್ಲಿ ಕನ್ನಡ ಇಲ್ಲ. ನಮ್ಮ ಅಕ್ಕನ ಹಾಗಿರುವ ತೆಲುಗು ಲಿಪಿ ಇದೆ, ನಾವಿಲ್ಲ.

ಆ ಕ್ಷಣಕ್ಕೆ ಆದ ಸಂಕಟ ಹೇಳಲಾರೆ. ಇದು ಯಾರ ತಪ್ಪು ಅಂತ ಹುಡುಕುವುದು ಬೇಡ. ಕನ್ನಡದಲ್ಲಿ ಅಕ್ಷರ ಅಂದರೆ ಏನು, ಕರ್ಸರ್ ಎಲ್ಲಿ ನಿಲ್ಲಬೇಕು, ಬ್ಯಾಕ್‌ಸ್ಪೇಸ್ ಒತ್ತಿದರೆ ಏನು ಹೋಗಬೇಕು ಅಂತ ಬರೆದು, ಉದಾಹರಣೆ ಕೊಟ್ಟು ಹೇಳುವ ಕೆಲಸವನ್ನು ನಾವೇ ಮಾಡಬೇಕು. ನಾನು ಬರೆಯಲು ಶುರು ಮಾಡಿದ್ದೇನೆ. ಸದ್ಯಕ್ಕೆ ಒತ್ತಕ್ಷರ ಕೂಡಿಸಿ ಎಣಿಸುವ ಹನ್ನೆರಡು ಸಾಲಿನ ಒಂದು ಫಂಕ್ಷನ್ ಬರೆದುಕೊಂಡಿದ್ದೇನೆ. ಅದು ಕೃಷ್ಣಮೂರ್ತಿ ಅಂದರೆ 4 ಅನ್ನುತ್ತದೆ.

ಪ್ರಶ್ನೆಯ ಹೊತ್ತಿನಲ್ಲಿ ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಕಾರ್ಡಿನಲ್ಲಿ ಹೆಸರು ಹಿಡಿಯಬೇಕು ಅಂದರೆ ಅಕ್ಷರ ಯಾಕೆ ಎಣಿಸುತ್ತೀರಿ? ಅಗಲ ಅಳೆಯಬಹುದಲ್ಲ?" ನಾನು ಎರಡು ಸೆಕೆಂಡ್ ಸುಮ್ಮನೆ ನಿಂತೆ. ಅವಳು ಹೇಳಿದ್ದು ಸರಿ. "ಕ್ಷ್ಮಿ"ಯೂ ಒಂದು ಅಕ್ಷರ, "ಲ"ವೂ ಒಂದು ಅಕ್ಷರ. ಆದರೆ ಕಾರ್ಡಿನಲ್ಲಿ ಅವು ಹಿಡಿಯುವ ಜಾಗ ಒಂದೇ ಅಲ್ಲ. ಹಾರ್ಫ್‌ಬಜ್ ಎಂಬ ಎಂಜಿನ್ ಅಕ್ಷರಗಳನ್ನು ಜೋಡಿಸಿ ಅಗಲವನ್ನೂ ಲೆಕ್ಕ ಹಾಕಿ ಕೊಡುತ್ತದೆ. "ನೀವು ಹೇಳಿದ್ದೇ ಸರಿ, ಊರಿಗೆ ಹೋದ ಮೇಲೆ ಹಾಗೇ ಬದಲಿಸುತ್ತೇನೆ" ಅಂದೆ. ಬದಲಿಸಿದ್ದೇನೆ. ಈಗ ಹೆಸರು ಕತ್ತರಿಸುವುದೇ ಇಲ್ಲ. ಉದ್ದವಾದರೆ ಅಕ್ಷರದ ಗಾತ್ರ ಸ್ವಲ್ಪ ಚಿಕ್ಕದಾಗುತ್ತದೆ, ಅದಕ್ಕೂ ಹಿಡಿಯದಿದ್ದರೆ ಎರಡನೇ ಸಾಲಿಗೆ ಹೋಗುತ್ತದೆ. ಮೂರು ತಿಂಗಳು ಹುಡುಕಿದರೂ ನನಗೆ ಹೊಳೆಯದೆ ಇದ್ದದ್ದು ಅವಳ ಒಂದು ಪ್ರಶ್ನೆಯಲ್ಲಿ ಸಿಕ್ಕಿತು.

---

ಅಡಿಕೆ ತೋಟ

ಇಷ್ಟು ದಿನ ಬರೀ ಓದುತ್ತಿದ್ದೆ, ಈಗ ಬರೆಯುತ್ತಿದ್ದೇನೆ. ನಾನು ಶಿರಸಿ ಕಡೆಯವಳು. ನಮ್ಮದು ಒಂದು ಸಹಕಾರ ಸಂಘ, ಅದರ ಹಳೆಯ ದಾಖಲೆಗಳೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇವೆ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಎರಡು ವರ್ಷದಿಂದ ಅದನ್ನು ಯೂನಿಕೋಡಿಗೆ ತರುತ್ತಿದ್ದೇನೆ. ಅರ್ಕಾವೊತ್ತು ತುಂಬಾ ಕಾಡಿತು. ಹಳೆಯ ಫಾಂಟಿನಲ್ಲಿ ಅದನ್ನು ಅಕ್ಷರದ ಆಮೇಲೆ ಬರೆಯುತ್ತಾರೆ, ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಇದು ಟಾಕ್ ಆಗುತ್ತದಾ? ನನಗೆ ಇದು ದಿನದ ಕೆಲಸ, ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ.

---

ಕುಂದಾಪ್ರ

ಅಮ್ಮಾ, ನೀವು ಈಗ ಬರೆದಿದ್ದೇ ಪ್ರಪೋಸಲ್. ಅದನ್ನೇ ಕಳಿಸಿ. ಒಂದು ಹಳೆಯ ರಸೀದಿಯ ಚಿತ್ರ ಸೇರಿಸಿ, ರೈತರ ಹೆಸರು ಮುಚ್ಚಿ.

---

ತುಂಗಾತೀರ

ನನಗೂ ಹಾಗೇ ಅನ್ನಿಸಿತು. ನಾನು ಮೂರು ತಿಂಗಳು ಹುಡುಕಿದ್ದಕ್ಕೇ ಟಾಕ್ ಕೊಟ್ಟೆ, ನಿಮ್ಮದು ಎರಡು ವರ್ಷದ ಕೆಲಸ. ಅರ್ಕಾವೊತ್ತು ಹಿಂದೆ ಮುಂದೆ ಆಗುವುದನ್ನು ಮೊದಲ ಸ್ಲೈಡಿನಲ್ಲೇ ಇಡಿ. "ಕರ್ನಾಟಕ" ಅಂತ ಬರೆದು ತೋರಿಸಿ. ಹಾಲ್‌ನಲ್ಲಿ ಕನ್ನಡ ಬಾರದವರಿಗೂ ಅರ್ಥವಾಗುತ್ತದೆ.

ಭಾನುವಾರ ರಾತ್ರಿ ಎಂಟು ಗಂಟೆಗೆ ವಿಡಿಯೊ ಕಾಲ್ ಇಡೋಣವಾ? ಅಡಿಕೆ ತೋಟ, ಬಿಸಿಲನಾಡು, ಉಣಕಲ್ ಕೆರೆ, ಮೂವರೂ ತಲಾ ಐದು ನಿಮಿಷ ಕನ್ನಡದಲ್ಲೇ ನಿಮ್ಮ ವಿಷಯ ಹೇಳಿ. ಗೋಲಗುಮ್ಮಟ ಅವರೂ ಬನ್ನಿ, ಕನ್ನಡ ಎಲ್ಲಿ ಸಡಿಲ ಆಗುತ್ತದೆ ಅಂತ ನೀವು ಹೇಳಿ.

---

ಉಣಕಲ್ ಕೆರೆ

ನನ್ನ ಹತ್ತಿರ ಇನ್ನೂ ವಿಷಯವೇ ಇಲ್ಲ ಅಕ್ಕಾ. ಕೇಳಲು ಬರುತ್ತೇನೆ.

---

ಅಡಿಕೆ ತೋಟ

ಎಂಟಕ್ಕೆ ನಮ್ಮಲ್ಲಿ ಕರೆಂಟು ಹೋಗುತ್ತದೆ, ಒಂಬತ್ತಕ್ಕೆ ಇಡುತ್ತೀರಾ? ರಸೀದಿ ಹುಡುಕಿ ಇಟ್ಟಿದ್ದೇನೆ. 

---

ತುಂಗಾತೀರ

ಒಂಬತ್ತಕ್ಕೇ ಇಡೋಣ. ಲಿಂಕ್ ಶನಿವಾರ ಹಾಕುತ್ತೇನೆ.